ಒಂದು ಮನೆ ಕೆಳಗೆ

"ನಿನ್ನೆಯಿಂದ ಹತ್ತು ಸಲ ಹಾಡಿದೀಯ, ಆರು ಸಲ ಗಂಟಲು ಒಡೆದಿದೆ. ಈ ರಿಸ್ಕ್ ನಾನಂತೂ ತಗೊಳ್ಳಲ್ಲ," ಎಂದ ಅಪ್ಪ, ವೇದಿಕೆಯ ಪಕ್ಕದ ಕೋಣೆಯಲ್ಲಿ ಕೀಬೋರ್ಡಿನ ವಯರು ಬಿಡಿಸುತ್ತ. ವಿಮಾ ಕಚೇರಿಯಲ್ಲಿ ಕೂತು ಯಾರಿಗೆ ಎಷ್ಟು ಅಪಾಯವಿದೆ ಎಂದು ಅಳೆಯುವುದು ಅವನ ಕೆಲಸ. ರಜೆಯಲ್ಲಿ ಮಗಳ ಹಾಡಿಗೆ ಕೀಬೋರ್ಡ್. ಮೋಡ ಕಾಣುವ ಮೊದಲೇ ಕೊಡೆ ಬಿಚ್ಚುವ ಆಸಾಮಿ.

ಮಗಳ ಮುಖ ಸಪ್ಪಗಾಯಿತು. ಇದು ಸ್ಪರ್ಧೆಯ ಕೊನೆಯ ಸುತ್ತು. ಹಳೆಯ ಚಿತ್ರಗೀತೆ; ಎರಡನೇ ಚರಣದ ಕೊನೆಯಲ್ಲಿ ದನಿ ಮೇಲೇರಿ ಅಲ್ಲೇ ನಿಲ್ಲಬೇಕು. ಹೋದ ವರ್ಷ ಇದೇ ವೇದಿಕೆಯಲ್ಲಿ, ಅದೇ ಜಾಗದಲ್ಲಿ ಗಂಟಲು ಕೈಕೊಟ್ಟು ಸಭೆ ಗೊಳ್ಳೆಂದು ನಕ್ಕಿತ್ತು. ಆಮೇಲೆ ಆರು ತಿಂಗಳು ಅವಳು ಬಚ್ಚಲಲ್ಲೂ ಹಾಡಿರಲಿಲ್ಲ.

"ಮತ್ತೇನಪ್ಪಾ ಮಾಡೋದು?"

"ಶ್ರುತೀನ ಒಂದು ಮನೆ, ಅಂದ್ರೆ ಅರ್ಧ ಸ್ವರ, ಕೆಳಗಿಳಿಸ್ತೀನಿ. ಒಂದು ಗುಂಡಿ ಒತ್ತಿದ್ರೆ ಪೂರ್ತಿ ಕೀಬೋರ್ಡೇ ಇಳಿಯುತ್ತೆ. ನೀನು ಕಣ್ಮುಚ್ಕೊಂಡು ಹಾಡು."

"ಖಂಡಿತ ಇಳಿಸ್ತೀಯ ತಾನೆ?"

"ಇಳಿಸ್ತೀನಿ ಮಾರಾಯ್ತಿ!"

ಹೆಸರು ಕೂಗಿದರು. ಅಪ್ಪ ಗಡಿಬಿಡಿಯಲ್ಲಿ ಕೀಬೋರ್ಡನ್ನು ವೇದಿಕೆಗೆ ಒಯ್ದಿಟ್ಟ. ಕಣ್ಣು ಕುಕ್ಕುವ ದೀಪಗಳ ಕೆಳಗೆ ತಡಕಾಡಿ ಗುಂಡಿ ಒತ್ತಿದ, ಪಲ್ಲವಿ ಎತ್ತಿಕೊಂಡ.

ಅವಳು ಹೆದರದೆ ಹಾಡಿದಳು. ಹೇಗೂ ಇಳಿಸಿದ್ದಾನಲ್ಲ ಅಪ್ಪ! ಎರಡನೇ ಚರಣ ಬಂತು. ದನಿ ಏರಿತು, ಏರಿ ನಿಂತಿತು. ನಿಲ್ಲಬೇಕಾದ್ದಕ್ಕಿಂತ ಎರಡು ತಾಳ ಹೆಚ್ಚೇ ನಿಂತಿತು. ಡ್ರಮ್ಸಿನವನು ಬಾರಿಸುವುದನ್ನೇ ಮರೆತು ಬಾಯಿ ಬಿಟ್ಟುಕೊಂಡು ನೋಡಿದ. ಹಾಡು ಮುಗಿಯುತ್ತಲೇ ಸಭೆಗೆ ಸಭೆಯೇ ಎದ್ದು ನಿಂತಿತು. ಹೋದ ವರ್ಷ ನಕ್ಕವರೇ ಈಗ ಶಿಳ್ಳೆ ಹೊಡೆದರು.

ಮಗಳು ಓಡಿಬಂದು ಅಪ್ಪನ ಕೊರಳಿಗೆ ಜೋತುಬಿದ್ದಳು. "ನೀನು ಇಳಿಸಿದ್ದಕ್ಕೆ ಬಚಾವಾದೆ ಅಪ್ಪಾ! ಇಲ್ದಿದ್ರೆ ಅದು ನನ್ನ ಕೈಲಿ ಎಲ್ಲಿ ಆಗ್ತಿತ್ತು?"

ಅಪ್ಪ ಕೀಬೋರ್ಡಿನ ಪುಟ್ಟ ಪರದೆಯನ್ನೇ ನೋಡುತ್ತಿದ್ದ. ಅವಳೂ ಬಗ್ಗಿ ನೋಡಿದಳು. ಅಲ್ಲಿ ಒಂದರ ಹಿಂದೆ ಕಳೆಯುವ ಗುರುತು ಇರಲಿಲ್ಲ, ಕೂಡುವ ಗುರುತಿತ್ತು. ಕೆಳಗಿಳಿಸಲು ಹೋಗಿ ಪುಣ್ಯಾತ್ಮ ಒಂದು ಮನೆ ಮೇಲೇರಿಸಿದ್ದ. ಆ ಶ್ರುತಿಯಲ್ಲಿ ಅವಳು ಗೆಲ್ಲುವ ಸಾಧ್ಯತೆ, ಅವನ ಲೆಕ್ಕದ ಪ್ರಕಾರ, ಸೊನ್ನೆ.

"ತಪ್ಪಾಯ್ತು ಮಗಳೇ," ಎಂದ. ಕಣ್ಣು ತುಂಬಿತ್ತು.

ಎದುರಿಗೆ ಜನ "ಒನ್ಸ್ ಮೋರ್" ಎಂದು ಕೂಗುತ್ತಲೇ ಇದ್ದರು. ಮಗಳು ಒಂದು ಕ್ಷಣ ಪರದೆ ನೋಡಿದಳು, ಒಂದು ಕ್ಷಣ ಅಪ್ಪನನ್ನು. ಆಮೇಲೆ ಮೈಕು ಕೈಗೆತ್ತಿಕೊಂಡಳು.

"ಅಳೋದು ಆಮೇಲೆ ಅಪ್ಪಾ. ಇನ್ನೊಂದು ಮನೆ ಏರಿಸು."