ಹೊಡೆದವರ ಪಾಲು

ದೀಪಾವಳಿಯ ಪಟಾಕಿ ಹೊಗೆ ಮೂಗಿಗೆ ಬಡಿದಾಗಲೆಲ್ಲ ನನಗೆ ಅಳದಂಗಡಿಯ ಗುಡ್ಡೆಯೂ ಅತ್ತೆಯ ಕೈಯ ಕೋವಿಯೂ ನೆನಪಾಗುತ್ತವೆ.

ಅಂದು ಅವರ ಹೊಸ ಅಳಿಯ ಮೊದಲ ಸಲ ಮಧ್ಯಾಹ್ನದ ಊಟಕ್ಕೆ ಬರುವವನಿದ್ದ. ಮಾವನ ಕಾಲು ಮುಳ್ಳು ಹೊಕ್ಕು ಬಾತಿತ್ತು. ಕೋವಿಗೆ ತುಂಬಲು ಮನೆಯಲ್ಲಿ ಉಳಿದಿದ್ದದ್ದು ಒಂದೇ ತೋಟೆ.

"ಈ ಗಾಳಿಗೆ ಕಾಡುಕೋಳಿ ಸಿಗ್ಲಿಕ್ಕುಂಟಾ?" ಎಂದರು ಮಾವ.

"ಗಾಳಿ ಇದ್ರೇ ಸಿಗುವುದು. ನನ್ನ ಹೆಜ್ಜೆ ಅದಕ್ಕೆ ಕೇಳುವುದಿಲ್ಲ," ಎಂದು ಅತ್ತೆ ಸೆರಗು ಬಿಗಿದು ಹೊರಟರು. ನಾನೂ ಹಿಂದೆಯೇ ಹೋದೆ.

ತರಗೆಲೆ ಸದ್ದು ಮಾಡುವಾಗ ಮಾತ್ರ ಅತ್ತೆ ನಡೆಯುತ್ತಿದ್ದರು. ಗಾಳಿ ನಿಂತರೆ ಎತ್ತಿದ ಕಾಲು ಎತ್ತಿದಂತೆಯೇ ನಿಲ್ಲುತ್ತಿತ್ತು. ಕೊನೆಗೆ ಒಂದು ಜೋರು ಗಾಳಿಯ ನಡುವೆ ಕೋವಿ ಸಿಡಿಯಿತು; ಕೆಂಪು ಹುಂಜ ಪೊದೆಯ ಬುಡದಲ್ಲಿ ಬಿತ್ತು.

ಬೇಟೆಯ ತೊಡೆ ಹೊಡೆದವರಿಗೇ ಸಲ್ಲಬೇಕೆಂಬುದು ನಮ್ಮಲ್ಲಿನ ಕ್ರಮ. ಗಂಡಸರು ಊಟಕ್ಕೆ ಕೂತಾಗ ಅತ್ತೆ ಅದನ್ನು ಮಾವನಿಗೆ ಬಡಿಸಲು ಬಾಗಿದರು.

"ಏನು ಗುರಿ ಮಾವ ನಿಮ್ಮದು!" ಎಂದ ಅಳಿಯ.

ಮಾವ ಎಲೆಗೆ ಕೈ ಅಡ್ಡ ಹಿಡಿದರು. ಆಮೇಲೆ ಕುಂಟುತ್ತ ಎದ್ದುಹೋಗಿ, ಇನ್ನೊಂದು ಬಾಳೆಲೆ ತಂದು, ತಮ್ಮ ಪಕ್ಕದಲ್ಲೇ ಹಾಸಿದರು.

"ಅದು ಇಲ್ಲಿಗೆ," ಎಂದರು ಅತ್ತೆಗೆ. "ನೀನು ಕೂತುಕೊ."