ತಳವಿದ್ದ ಬುಟ್ಟಿ

ವಿಜ್ಞಾನ ಮತ್ತು ಕನ್ನಡ ವಿಭಾಗದ ಅಧ್ಯಾಪಕರ ಪಂದ್ಯದಲ್ಲಿ ಸೋತ ತಂಡಕ್ಕೆ ಭಾನುವಾರದ ಪರೀಕ್ಷೆ ಡ್ಯೂಟಿ ಎಂದು ಪ್ರಿನ್ಸಿಪಾಲರು ಹೇಳಿದ್ದೇ ತಡ, ವಿಜ್ಞಾನ ವಿಭಾಗದ ಆರಡಿ ತಿಪ್ಪೇಶಪ್ಪನವರು ಬ್ಯಾಸ್ಕೆಟ್‌ಬಾಲೇ ಆಗಬೇಕೆಂದು ಪಟ್ಟು ಹಿಡಿದರು. ಅದೂ ಆಟ ಹುಟ್ಟಿದಾಗಿನ ನಿಯಮದಂತೆ: ಚೆಂಡು ಹಿಡಿದವರು ಓಡುವಂತಿಲ್ಲ, ಕಂಬಕ್ಕೆ ಕಟ್ಟುವುದು ಹಣ್ಣಿನ ಬುಟ್ಟಿ. ಕನ್ನಡ ವಿಭಾಗದವರೆಲ್ಲ ಗಿಡ್ಡ, ಆದರೆ ಓಟದಲ್ಲಿ ಚುರುಕು. ಓಟವೇ ಇಲ್ಲದಿದ್ದರೆ ಗೆಲುವು ತಮ್ಮದೇ ಎಂದುಕೊಂಡರು ತಿಪ್ಪೇಶಪ್ಪನವರು.

“ಬುಟ್ಟಿ ತಳ ಕತ್ತರಿಸೋಣ್ವಾ ಸರ್? ಬಿದ್ದ ಚೆಂಡು ಕೆಳಗೆ ಬರುತ್ತೆ” ಎಂದರು ಕನ್ನಡದ ವನಜಾಕ್ಷಿ.

“ಬೇಡ ಮೇಡಂ. ಆಗ ತಳ ಇತ್ತು, ಈಗಲೂ ಇರ್ಲಿ. ಏಣಿ ಹತ್ತಿ ತೆಗೆದ್ರಾಯ್ತು.”

“ಹಾಗಾದ್ರೆ ನಮ್ಮನೆ ಏಣೀನೇ ತರಿಸ್ತೀನಿ. ಮನೆ ಇಲ್ಲೇ ಪಕ್ಕದಲ್ಲಿ.”

ಸೀಟಿ ಕೇಳಿದೊಡನೆ ವನಜಾಕ್ಷಿ ಚೆಂಡನ್ನು ನೀರಿನ ಕೊಡದಂತೆ ಎರಡೂ ಕೈಯಲ್ಲಿ ಎತ್ತಿ ಎಸೆದರು. ಅದು ಹೋಗಿ ಬುಟ್ಟಿಯೊಳಗೆ ಕೂತಿತು. ತಿಪ್ಪೇಶಪ್ಪನವರು ನಕ್ಕರು. ಇನ್ನೂ ಅರ್ಧ ಗಂಟೆ ಆಟವಿದೆ, ಒಂದು ಗೋಲು ಯಾವ ಲೆಕ್ಕ. ಚೆಂಡು ತೆಗೆಯಲು ತಿರುಗಿದರೆ ಬುಟ್ಟಿ ಕಟ್ಟುವಾಗ ಕಂಬಕ್ಕೆ ಒರಗಿದ್ದ ಏಣಿಯೇ ಇರಲಿಲ್ಲ. ಹಾರಿ ಹಾರಿ ನೋಡಿದರು. ಬೆರಳು ಬುಟ್ಟಿಯ ತಳಕ್ಕಷ್ಟೇ ತಾಗಿತು.

“ಏಣಿ ಎಲ್ಲಿ ಮೇಡಂ?”

“ನಮ್ಮನೆಯವರು ತಗೊಂಡು ಹೋದ್ರು ಸರ್. ಅಟ್ಟದಿಂದ ಹಪ್ಪಳದ ಡಬ್ಬ ಇಳಿಸ್ಬೇಕಂತೆ.”

“ಬೇಗ ತರೋಕೆ ಫೋನ್ ಮಾಡಿ. ಟೈಮ್ ಓಡ್ತಿದೆ.”

“ಮಾಡ್ದೆ ಸರ್” ಎಂದು ವನಜಾಕ್ಷಿ ಮರದ ನೆರಳಿಗೆ ಹೋಗಿ ಕೂತರು. “ಅಟ್ಟದ ಮೇಲೇ ಇದ್ದಾರೆ. ಆಟ ಮುಗಿದ ಮೇಲೆ ಇಳೀತಾರಂತೆ.”