ಗಂಟಲಿಗೊಂದು ಗಾರ್ಡು

ಹುಡುಗ ಮೆಟ್ಟಿಲ ಮೇಲೆಯೇ ನಿಂತುಬಿಟ್ಟ. ಒಳಗೆ ಬಂದಿದ್ದ ಹಿರಿಯರು ಮತ್ತೆ ಮತ್ತೆ ಕರೆದರೂ ಚಪ್ಪಲಿ ಬಿಡಲಿಲ್ಲ.

ಹರಪನಹಳ್ಳಿ ಬಸ್ ನಿಲ್ದಾಣದ ಎದುರು ಆಟದ ಸಾಮಾನಿನ ಅಂಗಡಿ ಇಟ್ಟಿದ್ದ ಗುರುಸಂಗಪ್ಪನಿಗೆ ಇಂಥ ಜೋಡಿಗಳು ಹೊಸದಲ್ಲ. ಮಗನಿಗೆ ಆಟದ ಹುಚ್ಚು, ಅಪ್ಪನ ಮುಖ ಗಂಟು. ಇದು ದಿನದ ನೋಟ. ಇಲ್ಲಿ ಮಾತ್ರ ಎಲ್ಲ ತಿರುವುಮುರುವು. ಅವಸರ ಅಪ್ಪನಿಗೆ, ಬೇಡವಾಗಿದ್ದು ಮಗನಿಗೆ. ಗಿರಾಕಿಯ ಮುಖ ನೋಡಿದೊಡನೆ ಮನೆಯ ಕಥೆ ಹೇಳಬಲ್ಲೆ ಎಂಬ ಜಂಭ ಗುರುಸಂಗಪ್ಪನಿಗಿತ್ತು. ಆ ಜಂಭವನ್ನು ಮುರಿಯುವವರು ಈತನಕ ಯಾರೂ ಸಿಕ್ಕಿರಲಿಲ್ಲ.

"ಕೊಟ್ಟೂರಿಂದ ಬಂದೀವ್ರಿ. ಏಕಾಂತಪ್ಪ ಅಂತ ನನ್ನ ಹೆಸರು." ಹಿರಿಯರು ವಿಭೂತಿ ಅಳಿಸದಂತೆ ಹಣೆಯ ಬೆವರು ಒತ್ತಿಕೊಂಡರು. "ನಮ್ಮೂರ ಹಾಕಿ ಕ್ಲಬ್ಬಿಗೆ ಗೋಲ್‌ಕೀಪರ್ ಸಾಮಾನು ಬೇಕ್ರಿ. ತಲಿಯಿಂದ ಕಾಲಿನ ತನಕ. ಈ ಹುಡುಗ ಒಪ್ಪಿದ್ದನ್ನ ತಗೋತೀನಿ. ಮಾರೇಶಾ, ಒಳಗ ಬಾರಪ್ಪ."

ಮಾರೇಶ ತಲೆ ತಗ್ಗಿಸಿ ಒಳಗೆ ಬಂದ. ಅಂಗೈ ತುಂಬ ಸ್ಟಿಕ್ ಹಿಡಿದು ಕಟ್ಟಿದ ಜಡ್ಡು. ಕೆನ್ನೆ ಮಾತ್ರ ಬತ್ತಿತ್ತು.

"ಆಡ್ತಾನೇನ್ರಿ?" ಗುರುಸಂಗಪ್ಪ ಕೇಳಿದ.

"ಆಡ್ತಿದ್ದ. ಹೋದ ಬ್ಯಾಸಿಗ್ಯಾಗ ಚೆಂಡು ಬಡೀತ್ರಿ, ಗಂಟಲಿಗೆ." ಏಕಾಂತಪ್ಪನವರ ದನಿ ಸಣ್ಣದಾಯಿತು. "ಆವತ್ತಿಂದ ಮೈದಾನದ ಕಡಿ ಹೊಳ್ಳಿ ನೋಡಿಲ್ಲ. ಉಣ್ಣಾಕ ಕುಂತ್ರ ತುತ್ತು ಇಳಿಯಂಗಿಲ್ಲ. ಹಿಂಗಾ ಬಿಟ್ರ ಈತ ಕೈತಪ್ಪಿ ಹೋಗ್ತಾನ್ರಿ. ಏನಾರ ಮಾಡಿ ಮತ್ತ ಆಡಿಸ್ಬೇಕು."

ಗುರುಸಂಗಪ್ಪ ಹುಡುಗನ ಗಂಟಲು ನೋಡಿದ. ಕಲೆ ಕೂಡ ಉಳಿದಿರಲಿಲ್ಲ. ಗಾಯ ಮಾಗಿದೆ, ಹೆದರಿಕೆ ಮಾಗಿಲ್ಲ ಎಂದುಕೊಂಡ. ಪಾಪ ಅನ್ನಿಸಿತು.

"ಮೊದ್ಲು ಏನು ಕಟ್ತಿದ್ರಿ?"

"ಕ್ರಿಕೆಟ್ ಪ್ಯಾಡು, ಕ್ರಿಕೆಟ್ ಹೆಲ್ಮೆಟ್ಟು. ಕೊರಳಿಗೆ ಟವಲ್ ಸುತ್ಕೊಳ್ಳೋದು. ಅಷ್ಟು ಸಾಕು ಅಂತ ತಿಳಿದಿದ್ವಿ."

"ಟವಲ್ಲು! ನೆಗಡಿ ಆಗಿತ್ತೇನ್ರಿ?" ಗುರುಸಂಗಪ್ಪ ನಕ್ಕ. ಇಬ್ಬರೂ ನಗಲಿಲ್ಲ. ಅವನು ಸಾಮಾನು ಇಳಿಸತೊಡಗಿದ.

ಚೆಂಡನ್ನು ದೂರ ಚಿಮ್ಮಿಸುವ ಫೋಮ್ ಪ್ಯಾಡು. ಬೂಟಿನ ಮೇಲೆ ತೊಡುವ ಕಿಕ್ಕರು. ಎದೆ ಗಾರ್ಡು, ಕೈಗವಸು, ಜಾಲರಿ ಮುಖದ ಹೆಲ್ಮೆಟ್ಟು. ಏಕಾಂತಪ್ಪ ಎಲ್ಲದಕ್ಕೂ ಹೂಂ ಅಂದರು. ಗಂಟಲಿಗೆ ಕಟ್ಟುವ ಥ್ರೋಟ್ ಗಾರ್ಡ್ ಬಂದಾಗ ಮಾತ್ರ ಅದನ್ನು ಕೈಯಿಂದ ಬಿಡಲಿಲ್ಲ. ಹೆಬ್ಬೆರಳಿನಿಂದ ಒತ್ತಿದರು, ಮಡಚಿದರು, ಮತ್ತೆ ಒತ್ತಿದರು.

"ನಮ್ಮದು ಗರಸು ನೆಲ. ಚೆಂಡು ಕಲ್ಲಿಗೆ ತಾಗಿ ಎಲ್ಲಿಗೆ ಏಳತೈತೋ ಹೊಡದವಗೂ ಗೊತ್ತಾಗಂಗಿಲ್ಲ. ಇದು ತಡೀತೈತೇನ್ರಿ?"

"ತಡೀತತಿ. ಆದ್ರೆ ಹುಡುಗ ಸಣ್ಣಗದಾನೆ, ಈ ಎದೆ ಗಾರ್ಡು ಸಡ್ಲ ಆಗ್ತತಿ."

"ಇರ್ಲಿ. ನನ್ನ ಅಳತೀದ ಕೊಡ್ರಿ."

ಬೆಳೆಯುವ ಮಗನಿಗೆ ಒಂದು ಸೈಜು ದೊಡ್ಡ ಅಂಗಿ ಹೊಲಿಸುವ ಅಪ್ಪಂದಿರು ಗುರುಸಂಗಪ್ಪನಿಗೆ ಗೊತ್ತು. ಅವನು ವಾದಿಸಲಿಲ್ಲ.

ಅವನ ಅಂಗಡಿಗೆ ಒಂದು ಪದ್ಧತಿಯಿತ್ತು. ಕೀಪರ್ ಸಾಮಾನನ್ನು ಹಿತ್ತಲಲ್ಲಿ ತೊಡಿಸಿ, ಚೆಂಡು ಹೊಡೆಸಿ, ನೋಯಲಿಲ್ಲ ಎಂದು ಗಿರಾಕಿಯೇ ಹೇಳಿದ ಮೇಲೆ ಕಟ್ಟಿಕೊಡುವುದು. ತೊಡುವವನೇ ಗೋಡೆಗೆ ನಿಲ್ಲಬೇಕು. ಇಂದು ಏಕಾಂತಪ್ಪ ತಾವೇ ಹೋಗಿ ನಿಂತರು.

ಧೋತರದ ಮೇಲೆ ಪ್ಯಾಡು. ನೋಡಿದರೆ ನಗು ಬರಬೇಕು. ಮಾರೇಶ ಮಂಡಿಯೂರಿ ಒಂದೊಂದೇ ಬಕಲ್ ಬಿಗಿದ. ಬಿಗಿದದ್ದನ್ನು ಮತ್ತೆ ಎಳೆದು ನೋಡಿದ. ಥ್ರೋಟ್ ಗಾರ್ಡನ್ನಂತೂ ಎರಡು ಸಲ ಬಿಚ್ಚಿ ಮತ್ತೆ ಕಟ್ಟಿದ. ಮಗನ ಭಯ ಬಿಡಿಸಲು ಅಪ್ಪನೇ ಮುಂದೆ ನಿಂತನಲ್ಲ ಎಂದು ಗುರುಸಂಗಪ್ಪನ ಎದೆ ತುಂಬಿ ಬಂತು.

"ಸ್ಟಿಕ್ ತಗೋ," ಏಕಾಂತಪ್ಪ ಅಂದರು. ಗಂಟಲು ಮುಟ್ಟಿ ತೋರಿಸಿದರು. "ಇಲ್ಲಿಗಾ ಹೊಡಿ."

"ಬ್ಯಾಡ್ರಿ." ಹುಡುಗ ಬಂದಾಗಿನಿಂದ ಆಡಿದ ಮೊದಲ ಮಾತು. ಅಪ್ಪನಿಗೂ ಇಷ್ಟು ಮರ್ಯಾದೆ ಕೊಡುವ ಮಗ ಈ ಕಾಲದಲ್ಲಿ ಎಲ್ಲಿ ಸಿಗಬೇಕು!

"ಹೊಡಿಯೋ ತಮ್ಮಾ," ಗುರುಸಂಗಪ್ಪ ಹುರಿದುಂಬಿಸಿದ. "ಅವ್ರ ಹೆದರಿಲ್ಲ, ನೀನ್ಯಾಕೆ ಮದ್ವಿ ಹೆಣ್ಣಿನಂಗ ನಡುಗ್ತೀ?"

ಮಾರೇಶ ಸ್ಟಿಕ್ ಎತ್ತಿದ, ಇಳಿಸಿದ. ಕಣ್ಣು ತುಂಬಿಕೊಂಡವು.

"ನನ್ನ ಸಲುವಾಗಿ ಹೊಡಿಯಪ್ಪ," ಏಕಾಂತಪ್ಪ ಬೇಡಿಕೊಂಡರು. "ಒಮ್ಮೆ ಹೊಡಿ."

ಹೊಡೆದ. ನೆಲದಿಂದ ಎದ್ದ ಚೆಂಡು ಗುರಿ ತಪ್ಪದೆ ಗಂಟಲಿಗೆ ಬಡಿದು, ಧಡ್ ಎಂದು ಕೆಳಗೆ ಬಿತ್ತು. ಏಕಾಂತಪ್ಪ ಒಂದು ಹೆಜ್ಜೆ ಹಿಂದೆ ವಾಲಿ, ಗೋಡೆ ಹಿಡಿದು ನೆಟ್ಟಗಾದರು.

"ನೋಡು, ನಿಂತೀನಿ. ಏನೂ ಆಗಿಲ್ಲ."

ಮಾರೇಶ ನೆಲಕ್ಕೆ ಕುಸಿದು ಗೊಳೋ ಎಂದು ಅತ್ತ. ಅವನ ಅಳು ನಿಲ್ಲುವ ತನಕ ಏಕಾಂತಪ್ಪ ಪಕ್ಕದಲ್ಲಿ ಕುಳಿತು ಬೆನ್ನು ಸವರುತ್ತಿದ್ದರು.

"ನಾಳಿ ಮೈದಾನಕ್ಕ ಬರ್ತೀಯೇನು?"

ಹುಡುಗ ಹೂಂ ಎಂದು ತಲೆಯಾಡಿಸಿದ.

ಗುರುಸಂಗಪ್ಪ ಕಣ್ಣೊರೆಸಿಕೊಂಡ. "ನಿಮ್ಮಂಥ ಅಪ್ಪ ಸಿಗಾಕೆ ನಿಮ್ಮ ಮಗ ಪುಣ್ಯ ಮಾಡ್ಯಾನೆ ಬಿಡ್ರಿ."

ಏಕಾಂತಪ್ಪ ಹೆಲ್ಮೆಟ್ ಕಳಚಿದರು. ಮುಖವೆಲ್ಲ ಒದ್ದೆಯಾಗಿತ್ತು.

"ನನ್ನ ಮಗನ್ನ ಹೋದ ಬ್ಯಾಸಿಗ್ಯಾಗ ಮಣ್ಣು ಮಾಡಿದ್ವಿ ರೀ," ಅಂದರು. "ಆ ಚೆಂಡು ಹೊಡದವ ಈ ಹುಡುಗ."